ಕಂದೀಲು ಒಂಬತ್ತು ಹೇಗಿದೆ ಎಂದು ಕೇಳಿದ್ದೀರಿ

ಅಂಗಡಿಯ ಒಳಕೋಣೆಯಿಂದ,
ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ನಮ್ಮವರಿಗೆ,

ಸೊಂಟ ಹೇಗಿದೆ? ಮೊದಲು ಅದಕ್ಕೆ ಉತ್ತರ ಕೊಡಿ, ಮಿಕ್ಕಿದ್ದೆಲ್ಲ ಆಮೇಲೆ. ಹೋದ ಸಲ ಫೋನಿನಲ್ಲಿ ನೀವು "ಪರವಾಗಿಲ್ಲ ಕಣೇ" ಎಂದ ರಾಗ ಕೇಳಿಯೇ ನೋವು ಜೋರಾಗಿದೆ ಎಂದು ಗೊತ್ತಾಯಿತು. ಹಡಗಿನ ಎಂಜಿನ್ ರೂಮಿನಲ್ಲಿ ದಿನವಿಡೀ ಬಗ್ಗಿ ನಟ್ಟು ಬಿಗಿಸುವ ಫಿಟ್ಟರು ನೀವು. ಜೊತೆಯ ಹುಡುಗರಿಗೆ ಸರಿಸಮ ಭಾರ ಎತ್ತಲು ಹೋಗಬೇಡಿ. ಕಿವಿಗೆ ಮುಚ್ಚಳ ಹಾಕಿಕೊಳ್ಳುತ್ತೀರೋ ಇಲ್ಲವೋ? ನಮ್ಮ ಫೋನಿನ ಮಾತುಕತೆಯಲ್ಲಿ ಅರ್ಧ "ಕೇಳಿಸ್ತಿದೆಯಾ?", ಇನ್ನರ್ಧ "ಈಗ ಕೇಳಿಸ್ತಿದೆಯಾ?". ಲೈನಿನ ತಪ್ಪು ಎಷ್ಟು, ನಿಮ್ಮ ಕಿವಿಯ ತಪ್ಪು ಎಷ್ಟು ಎಂದು ನನಗೆ ಅನುಮಾನ. ಅದಕ್ಕೇ ಈ ಕಾಗದ. ಮುಂದಿನ ಬಂದರಿಗೆ ಕಂಪನಿಯವರು ಪಾರ್ಸೆಲ್ ಒಯ್ಯುತ್ತಾರಂತೆ, ಅದರೊಳಗೆ ಇಡುತ್ತೇನೆ. ಇಲ್ಲಿ ಎಲ್ಲರೂ ಸೌಖ್ಯ. ಅಪ್ಪ ಗಲ್ಲಾಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಜೆರಾಕ್ಸ್ ಮಾಡಿಸಲು ಬಂದವರ ಕಾಗದವನ್ನೆಲ್ಲ ಓದುತ್ತಾರೆ, ಬೇಡವೆಂದರೆ ಕೇಳುವುದಿಲ್ಲ. ನಿಮ್ಮ ಮಗಳು ಪಟಾಕಿಗೆ ಮುಂದಿನ ಎರಡು ಹಲ್ಲೂ ಪೂರ್ತಿ ಬಂದು, ಈಗ ಮಾತಿಗೆ ಇದ್ದ ಒಂದೇ ಒಂದು ತಡೆಯೂ ಹೋಯಿತು. ನಾನು ಮೊಬೈಲಿಗೆ ಗಾಜಿನ ಹಾಳೆ ಅಂಟಿಸುವುದರಲ್ಲಿ ಎಷ್ಟು ಪಳಗಿದ್ದೇನೆ ಎಂದರೆ ಒಂದು ಗುಳ್ಳೆ ಎದ್ದರೆ ಹೇಳಿ. ಬೀದಿಯ ಕೊನೆಯ ಅಂಗಡಿಯವನು ತನ್ನ ಫೋನನ್ನೇ ನನ್ನ ಹತ್ತಿರ ತಂದು ಅಂಟಿಸಿಕೊಂಡು ಹೋದ.

ಇನ್ನು ಜಗಳ. ನಿಮ್ಮ ಕಾಗದ ಬಂತು, ಎರಡು ಸಲ ಓದಿದೆ. ಅದರಲ್ಲಿ ಒಪ್ಪಂದಕ್ಕೆ ಒಂದು ಸಾಲು, ವಿಡಿಯೋ ಆಟಕ್ಕೆ ಒಂದು ಪುಟ! "ಇನ್ನೂ ಎರಡು ವರ್ಷಕ್ಕೆ ಹೊಸ ಒಪ್ಪಂದದ ಕಾಗದ ಕೊಟ್ಟಿದ್ದಾರೆ, ನಮ್ಮೂರ ಬಂದರಿನ ರಿಪೇರಿ ವರ್ಕ್‌ಶಾಪಿನವರೂ ಜಾಗ ಇಟ್ಟಿದ್ದೇವೆ ಅಂದಿದ್ದಾರೆ, ನಿನಗೆ ಹೇಗೆ ತೋರುತ್ತದೆ ತಿಳಿಸು." ಅಲ್ಲಿಗೆ ಮುಗಿಯಿತು. ಆಮೇಲೆ ಶುರು: ಕಂದೀಲು ಒಂಬತ್ತು ಬಂದಿದೆಯಂತೆ, ನೀನು ಮೊದಲು ಆಡಿ ನೋಡು, ಚಿತ್ರ ಹೇಗಿದೆ, ಹೋರಾಟ ಹೇಗಿದೆ, ಹಳೆಯದರ ಮುಂದೆ ನಿಲ್ಲುತ್ತದೆಯೇ, ಚೆನ್ನಾಗಿದ್ದರೆ ಡಿಸ್ಕನ್ನು ಹಡಗಿಗೆ ಕಳಿಸು, ಊಟದ ಕೋಣೆಯ ಟಿವಿಗೆ ಮಷೀನು ಜೋಡಿಸಿದ್ದಾರೆ, ಹೊಸ ಅವಧಿಗೆ ಕಾಲಕ್ಷೇಪವಾಗುತ್ತದೆ. ಆಹಾ! ಫೋನಿನಲ್ಲಿ ನೀವು ಒಪ್ಪಂದದ ಮಾತೆತ್ತಿದಾಗ ನಾನು "ನಿಮ್ಮಿಷ್ಟ" ಎಂದೆ. ನೀವು "ಇಲ್ಲ, ನಿನ್ನಿಷ್ಟ" ಎಂದಿರಿ. ಅಷ್ಟರಲ್ಲಿ ಲೈನು ಹೋಯಿತು. ಸರಿ, ಆಟದ ವಿಷಯ ಕೇಳಿದ್ದೀರಿ, ಆಟದ ವಿಷಯವನ್ನೇ ಹೇಳುತ್ತೇನೆ. ಇದೊಂದು ಕೆಲಸ ನನಗೆ ಒಪ್ಪಿಸಿದ್ದಕ್ಕೆ ಒಳಗೊಳಗೇ ಹಿಗ್ಗಿದ್ದೇನೆ ಎಂಬುದನ್ನು ಮುಚ್ಚಿಡುವುದಿಲ್ಲ.

ಡಿಸ್ಕು ಹಾಕಿದ ಕೂಡಲೇ ಮೊದಲು ಬಂದದ್ದು ಆ ರಾಗ. ಅದೇ ರಾಗ ಕಣ್ರೀ! ಹಿಂದೆ ಪೀಪಿಯ ಹಾಗೆ ಕುಂಯ್ಗುಡುತ್ತಿದ್ದುದನ್ನು ಈಗ ಐವತ್ತು ಜನ ಸೇರಿ ನುಡಿಸಿದ್ದಾರೆ, ನಿಧಾನ ಮಾಡಿದ್ದಾರೆ, ಮಧ್ಯೆ ಯಾರೋ ಹೆಂಗಸು ಹಾಡಿದಂತೆಯೂ ಇದೆ. ಆದರೂ ಗುರುತು ಸಿಕ್ಕಿತು. ನನಗೆ ಮಾತ್ರವಲ್ಲ. ಹೊರಗೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅಪ್ಪ, ಅವರಿಗೀಗ ಬಾಗಿಲು ಬಡಿದರೂ ಕೇಳುವುದಿಲ್ಲ, ಒಮ್ಮೆಲೇ ತಲೆಯೆತ್ತಿ "ಆ ಹುಡುಗ ಮತ್ತೆ ಅದೇ ಕ್ಯಾಸೆಟ್ಟು ವಾಪಸ್ ತಂದ್ನಾ?" ಎಂದು ಕೇಳಿದರು. "ಆ ಹುಡುಗ" ಎಂದರೆ ನೀವು. ಪಟಾಕಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆಮೇಲೆ ಅವಳು "ಯಾವ ಕ್ಯಾಸೆಟ್ಟು, ಯಾವ ಹುಡುಗ" ಎಂದು ಪ್ರಾಣ ತಿಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ನಿಮಗೆ ಎಲ್ಲ ಗೊತ್ತು, ಆದರೂ ಓದಿ. ಹೊಸದನ್ನು ಅಳೆಯಲು ನನಗಿರುವ ಅಳತೆಗೋಲು ಇದೊಂದೇ.

ಆಗ ನಮ್ಮದು ಜೆರಾಕ್ಸ್ ಅಂಗಡಿಯಲ್ಲ, ಕ್ಯಾಸೆಟ್ಟು ಬಾಡಿಗೆಯ ಅಂಗಡಿ. ಇದೇ ಕಪಾಟುಗಳು, ಇದೇ ಗಲ್ಲಾಪೆಟ್ಟಿಗೆ. ಆಟವೆಂದರೆ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ. ಎಲ್ಲಿಯವರೆಗೆ ಆಡಿದೆವು ಎಂಬ ನೆನಪು ಮನೆಯ ಮಷೀನಿನಲ್ಲಿ ಉಳಿಯುತ್ತಿರಲಿಲ್ಲ, ಆ ಡಬ್ಬಿಯ ಹೊಟ್ಟೆಯಲ್ಲೇ ಒಂದು ಗುಂಡು ಬ್ಯಾಟರಿಯ ಆಸರೆಯಲ್ಲಿ ಇರುತ್ತಿತ್ತು. ಕಂದೀಲು ಮೂರರಲ್ಲಿ ಆ ನೆನಪಿಗೆ ಮೂರೇ ಮನೆ. ಯಾರು ಬೇಕಾದರೂ ಬಾಡಿಗೆಗೆ ಒಯ್ದು ಯಾರ ಮನೆಯ ಮೇಲೆ ಬೇಕಾದರೂ ತಮ್ಮದನ್ನು ಬರೆದುಬಿಡಬಹುದಾಗಿತ್ತು. ಶನಿವಾರ ಒಯ್ದು ಸೋಮವಾರ ತರುವ ನೀವೊಬ್ಬರೇ ಆ ಆಟಕ್ಕೆ ಕಾಯಂ ಗಿರಾಕಿ, ಹಾಗಾಗಿ ಮೊದಲನೇ ಮನೆ ನಿಮಗೇ ಉಳಿದಿತ್ತು. ವಾಪಸ್ ಬಂದ ಕ್ಯಾಸೆಟ್ಟನ್ನು ರಬ್ಬರಿನಿಂದ ತಿಕ್ಕಿ, ಮಷೀನಿಗೆ ಹಾಕಿ, ಓಡುತ್ತದೆಯೇ ನೋಡಿ ಕಪಾಟಿಗೆ ಇಡಬೇಕು ಎಂಬುದು ಅಪ್ಪನ ಕಟ್ಟಳೆ, ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ಸೋಮವಾರ ಎಂದಿನಂತೆ ನಿಮ್ಮದನ್ನು ತೆರೆದು ನೋಡಿದೆ. ನಿಮ್ಮ ತಂಡ ಜೌಗಿನ ನಡುವೆ ನಿಂತಿತ್ತು: ಕತ್ತಿಯವನು, ಕಳ್ಳ, ಮದ್ದಿನವಳು, ಸಾಮಾನು ಹೊತ್ತ ಹೇಸರಗತ್ತೆ. ಹಿಂದಿನ ವಾರವೂ ಅಲ್ಲೇ ನಿಂತಿತ್ತು, ಅದರ ಹಿಂದಿನ ವಾರವೂ ಅಲ್ಲೇ. ಪಾಪ, ದಾರಿ ತಪ್ಪಿ ಸುತ್ತಿದ್ದಲ್ಲೇ ಸುತ್ತುತ್ತಿದ್ದಿರಿ. ನನಗೆ ತಡೆಯಲಾಗಲಿಲ್ಲ. ಒಣಮರದ ಎಡಕ್ಕೆ ತಿರುಗಿಸಿ, ಜೌಗು ದಾಟಿಸಿ, ಆಚೆಯ ಸತ್ರದಲ್ಲಿ ಮಲಗಿಸಿದೆ. ಸತ್ರದಲ್ಲಿ ಮಲಗಿದರೆ ಆಟ ತಾನಾಗಿ ಉಳಿದುಬಿಡುತ್ತದೆ ಎಂಬುದು ಹಾಳು ತಲೆಗೆ ಆಗ ಹೊಳೆಯಲೇ ಇಲ್ಲ.

ಮುಂದಿನ ಸೋಮವಾರ ನೀವು ಬಂದು ಬೈಯುತ್ತೀರಿ ಎಂದು ಕಪಾಟಿನ ಹಿಂದೆ ಅಡಗಿ ನಿಂತಿದ್ದೆ. ನೀವು ಕ್ಯಾಸೆಟ್ಟು ಕೊಟ್ಟಿರಿ, ಕರವಸ್ತ್ರದಿಂದ ಕೈ ಒರೆಸಿಕೊಂಡಿರಿ, ಹೋದಿರಿ. ನಾನು ಓಡಿ ಹೋಗಿ ಹಾಕಿ ನೋಡಿದೆ. ತಂಡ ಅದೇ ಸತ್ರದಲ್ಲಿತ್ತು, ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ. ಆದರೆ ಸತ್ರದ ಪೆಟ್ಟಿಗೆಯಲ್ಲಿ ಒಂದು ಜೊತೆ ಉಣ್ಣೆಯ ಕಾಲುಚೀಲ ಇತ್ತು. ಮದ್ದಿನವಳಿಗೆ ಮಾತ್ರ ಆಗುವಂಥದ್ದು, ಚಳಿಯಿಂದ ಒಂದಿಷ್ಟು ಕಾಪಾಡುವುದು ಬಿಟ್ಟರೆ ಬೇರೆ ಉಪಯೋಗವಿಲ್ಲ. ಅಲ್ಲಿಯತನಕ ನೀವು ಮದ್ದಿನವಳನ್ನು ಕ್ಯಾರೇ ಅಂದಿರಲಿಲ್ಲ. ಅವಳನ್ನು ಸಾಕಿ ಬೆಳೆಸಿದ್ದು ನಾನು ಆಡಿದ ಆ ಒಂದು ಮಧ್ಯಾಹ್ನ. ಅದನ್ನು ನೀವು ಗಮನಿಸಿದ್ದಿರಿ. ಅವತ್ತಿನಿಂದ ವಾರದ ನಡುವೆ ನಾನು, ವಾರದ ಕೊನೆಗೆ ನೀವು. ನಾನು ನಿಮ್ಮ ಕತ್ತಿಯವನಿಗೆ ಗುರಾಣಿ ಇಟ್ಟರೆ ನೀವು ಕತ್ತೆಗೆ ಗಂಟೆ ಕಟ್ಟುತ್ತಿದ್ದಿರಿ. ಮಾತಿಲ್ಲ ಕತೆಯಿಲ್ಲ, ಗಲ್ಲಾಪೆಟ್ಟಿಗೆಯ ಮುಂದೆ ಮುಖ ಕೂಡ ನೋಡುತ್ತಿರಲಿಲ್ಲ. ಅಪ್ಪನೋ, "ಇಷ್ಟೊಂದು ಆಟ ಇದೆ, ಬೇರೆ ಯಾವುದಾದ್ರೂ ತಗೊಂಡು ಹೋಗಪ್ಪಾ" ಎಂದು ನಿಮ್ಮ ಮೇಲೆ ಕನಿಕರಪಡುತ್ತಿದ್ದರು.

ಇಷ್ಟು ಹೇಳಿದ ಮೇಲೆ ಒಂಬತ್ತನೆಯದರ ಮೇಲೆ ನನ್ನ ಮೊದಲ ದೂರು ಏನೆಂದು ಊಹಿಸಿರುತ್ತೀರಿ. ಇದರಲ್ಲಿ ದಾರಿ ತಪ್ಪುವುದಕ್ಕೇ ಆಗುವುದಿಲ್ಲ. ನೆಲದ ಮೇಲೆ ಬಂಗಾರದ ಬಣ್ಣದ ಬಾಣವೊಂದು ಮುಂದೆ ಮುಂದೆ ಹರಿಯುತ್ತಾ "ಇತ್ತ ಬಾ" ಎನ್ನುತ್ತದೆ. ಜೌಗು ಇದೆ, ಕಾಡು ಇದೆ, ಹುಲ್ಲಿನ ಒಂದೊಂದು ಎಸಳೂ ಬೇರೆಬೇರೆ ಕಾಣುತ್ತದೆ, ನೀರಿನಲ್ಲಿ ಮೋಡದ ನೆರಳು ಕೂಡ ಬೀಳುತ್ತದೆ, ಆದರೆ ಅದನ್ನೆಲ್ಲ ನೋಡುವವರು ಯಾರು? ಕಣ್ಣು ಬಾಣದ ಮೇಲೇ ಇರುತ್ತದೆ. ಆ ಬಾಣ ಅವತ್ತು ಇದ್ದಿದ್ದರೆ ನಮ್ಮ ಮದುವೆಯೇ ಆಗುತ್ತಿರಲಿಲ್ಲ ಎಂದು ಪಟಾಕಿಗೆ ಹೇಳಿದೆ. ಅವಳು "ಹಾಗಾದ್ರೆ ನಾನು?" ಎಂದು ಕೇಳಿ, ತಾನೇ ಎದ್ದು ಹೋಗಿ ಮೆನುವಿನಲ್ಲಿ ಹುಡುಕಿ ಬಾಣವನ್ನು ತೆಗೆದುಹಾಕಿ ಬಂದಳು. ಹೌದು, ತೆಗೆದುಹಾಕಬಹುದು. ಆ ಮಟ್ಟಿಗೆ ಮಾಡಿದವರಿಗೆ ಬುದ್ಧಿ ಇದೆ. ತೆಗೆದ ಮೇಲೆ ಮೊದಲನೆಯ ದಿನವೇ ದಾರಿ ತಪ್ಪಿದೆ, ಎಷ್ಟು ಖುಷಿಯಾಯಿತು ಗೊತ್ತೇ?

ಎರಡನೆಯ ದೂರು, ಎಲ್ಲರೂ ಬಾಯಿಬಿಟ್ಟು ಮಾತಾಡುತ್ತಾರೆ. ಹಳೆಯದರಲ್ಲಿ ಮುಖವೆಂದರೆ ನಾಲ್ಕು ಚುಕ್ಕಿ, ಮಾತೆಂದರೆ ಕೆಳಗೆ ಎರಡು ಸಾಲು. ದನಿ ನಾವೇ ಕೊಡಬೇಕಿತ್ತು. ನಾನು ಮದ್ದಿನವಳಿಗೆ ನನ್ನ ಚಿಕ್ಕಮ್ಮನ ದನಿ ಕೊಟ್ಟಿದ್ದೆ, ಬೈದರೂ ಮುದ್ದು ಮಾಡಿದ ಹಾಗೆ ಇರುತ್ತಿತ್ತಲ್ಲ, ಆ ದನಿ. ಈಗಿನವಳು ನೆಗಡಿಯಾದವಳ ಹಾಗೆ ಮಾತಾಡುತ್ತಾಳೆ, ಮಾತುಮಾತಿಗೆ ನಿಟ್ಟುಸಿರು ಬೇರೆ. ಕತ್ತಿಯವನಂತೂ ಕೂದಲು ಸರಿಮಾಡಿಕೊಳ್ಳುವುದರಲ್ಲೇ ಅರ್ಧ ಆಯಸ್ಸು ಕಳೆಯುತ್ತಾನೆ. ಕಳ್ಳ ಮಾತ್ರ ಚೆನ್ನಾಗಿದ್ದಾನೆ. ಅವನಿಗೆ ಕೊಟ್ಟ ತುಂಟ ಮಾತುಗಳಿಗೆ ನಾನು ಒಬ್ಬಳೇ ಕೂತು ನಕ್ಕಿದ್ದೇನೆ, ಅಪ್ಪ ಹೊರಗಿನಿಂದ ಇಣುಕಿ ನೋಡುವಷ್ಟು ಜೋರಾಗಿ. ಕಥೆಯ ಬಗ್ಗೆಯೂ ತಕರಾರಿಲ್ಲ. ಆರಿಹೋದ ಊರಿನ ದೀಪಗಳನ್ನು ಒಂದೊಂದಾಗಿ ಹಚ್ಚುತ್ತಾ ಹೋಗುವುದು ಅಂದಿಗೂ ಇಂದಿಗೂ ಅದೇ. ಆದರೆ ಈ ಸಲ ಕೆಲವು ಊರಿನವರು ದೀಪ ಬೇಡ ಅನ್ನುತ್ತಾರೆ, ಕತ್ತಲೆ ಅಭ್ಯಾಸವಾಗಿದೆ ಅನ್ನುತ್ತಾರೆ. ಅವರ ಜೊತೆ ಕೂತು ಮಾತಾಡಿ ಒಪ್ಪಿಸಬೇಕು. ಇದು ಹೊಸದು, ಇದಕ್ಕೆ ಶಭಾಷ್ ಅನ್ನಲೇಬೇಕು.

ಇನ್ನು ಹೋರಾಟ. ನೀವು ವಿಶೇಷವಾಗಿ ಕೇಳಿದ್ದೀರಿ, ಹಾಗಾಗಿ ವಿಶೇಷವಾಗಿಯೇ ಬೈಯುತ್ತೇನೆ. ಹಿಂದೆ ಸರದಿ ಇತ್ತು. ನಾನು ಹೊಡೆದ ಮೇಲೆ ಅವನು, ಅವನು ಹೊಡೆದ ಮೇಲೆ ನಾನು. ಅರ್ಧ ಹೋರಾಟದಲ್ಲಿ ಗಿರಾಕಿ ಬಂದರೆ ರಿಮೋಟು ಕೆಳಗಿಟ್ಟು, ಎದ್ದು ಹೋಗಿ, ಚೌಕಾಸಿ ಮಾಡಿ, ಚಿಲ್ಲರೆ ಕೊಟ್ಟು, ಟೀ ಕುಡಿದು ಬಂದರೂ ಆ ಮೂರು ತಲೆಯ ರಾಕ್ಷಸ ನಿಂತಲ್ಲೇ ಮೈ ಕುಲುಕುತ್ತಾ ಕಾಯುತ್ತಿದ್ದ. ಶತ್ರುವೇ ಆದರೂ ಮರ್ಯಾದಸ್ಥ. ಈಗಿನವರಿಗೆ ತಾಳ್ಮೆಯೇ ಇಲ್ಲ. ಎಲ್ಲರೂ ಒಟ್ಟಿಗೆ ಮೈಮೇಲೆ ಬೀಳುತ್ತಾರೆ. ಯಾರ ಬೆರಳು ಚುರುಕೋ ಅವರದ್ದು ಗೆಲುವು. ಒಬ್ಬರಿಗೆ ಎರಡು ಪುಟ ಲ್ಯಾಮಿನೇಶನ್ ಮಾಡಿಕೊಟ್ಟು ಬರುವಷ್ಟರಲ್ಲಿ ಇಡೀ ತಂಡ ನೆಲಕಚ್ಚಿತ್ತು. ಪಟಾಕಿ ಸೊಂಟದ ಮೇಲೆ ಕೈಯಿಟ್ಟು "ನೀನು ಯೋಚ್ನೆ ಮಾಡೋವಷ್ಟರಲ್ಲಿ ಅವ್ರು ಮೂರು ಸಲ ಹೊಡ್ದಾಗಿರತ್ತಮ್ಮಾ" ಎಂದು ನನಗೇ ಪಾಠ ಹೇಳಿದಳು. ಅವಳೇ ಕೊನೆಗೆ ನನ್ನ ಗೋಳು ನೋಡಲಾರದೆ ಹುಡುಕಿ ಕೊಟ್ಟಳು: ಇದಕ್ಕೂ ಒಂದು ಉಪಾಯ ಇದೆ, "ಹಳೆಯ ಪದ್ಧತಿ" ಎಂದು ಆರಿಸಿಕೊಂಡರೆ ಸರದಿ ವಾಪಸ್ ಬರುತ್ತದೆ. ಆರಿಸಿಕೊಂಡೆ. ಎದುರಿಗಿದ್ದ ರಾಕ್ಷಸ ಕೂಡಲೇ ಸುಮ್ಮನೆ ನಿಂತು ಮೈ ಕುಲುಕತೊಡಗಿದ. ಹಳೆಯ ಪರಿಚಯದವರು ಸಿಕ್ಕಿದಂತಾಯಿತು.

ಮೂರನೆಯ ಭಾಗ ಹೇಗೆ ಮುಗಿಯಿತು ಎಂದು ಪಟಾಕಿ ಕೇಳಿದಳು. ಮುಗಿಯಲಿಲ್ಲ ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಅವಳಿಗೇಕೆ, ನನಗೂ ಈಗ ಯೋಚಿಸಿದರೆ ಅಷ್ಟು ಪೆದ್ದರಾಗಿದ್ದೆವೇ ಎನ್ನಿಸುತ್ತದೆ. ಗೋಪುರದ ಮೇಲಿನ ಕೊನೆಯ ಬಾಗಿಲಿಗೆ ಮೊದಲು ಮುಟ್ಟಿದ್ದು ನೀವು. ತೆರೆಯದೆ, ಬಾಗಿಲ ಈಚೆ ತಂಡವನ್ನು ನಿಲ್ಲಿಸಿ ಕ್ಯಾಸೆಟ್ಟು ತಂದುಕೊಟ್ಟಿರಿ. ನಾನು ತೆರೆಯಲಿ ಎಂದು. ನಾನು ನೋಡಿದೆ, ಇಷ್ಟು ದೂರ ಬಂದವರು ನೀವು, ತೆರೆಯುವುದು ನೀವೇ ಆಗಲಿ ಎಂದು ಹಾಗೇ ಇಟ್ಟೆ. ನೀವು ಮತ್ತೆ ಒಯ್ದಿರಿ, ಮತ್ತೆ ಹಾಗೇ ತಂದಿರಿ. ಶನಿವಾರ ಸೋಮವಾರಗಳು ಕಳೆದವು, "ನೀವು ಮೊದಲು", "ಇಲ್ಲ, ನೀವೇ ಮೊದಲು" ಎಂದು ಬಾಯಿಬಿಡದೆ ಉಪಚಾರ ಮಾಡಿಕೊಳ್ಳುತ್ತಾ ಇಬ್ಬರೂ ಬಾಗಿಲ ಈಚೆಯೇ ನಿಂತೆವು. ಅಷ್ಟರಲ್ಲಿ ಕ್ಯಾಸೆಟ್ಟಿನ ಬ್ಯಾಟರಿ ಸತ್ತಿತು. ಒಂದು ಸೋಮವಾರ ಹಾಕಿ ನೋಡಿದರೆ ಮೂರು ಮನೆಯೂ ಖಾಲಿ. ನೀವು ಗಲ್ಲಾಪೆಟ್ಟಿಗೆಯ ಆಚೆ ಹೋಗದೆ ನಿಂತೇ ಇದ್ದಿರಿ, ನಿಮಗೂ ಗೊತ್ತಾಗಿತ್ತು. ನನ್ನ ಬಾಯಿಂದ "ನಮ್ದೆಲ್ಲಾ ಹೋಯ್ತಲ್ಲಾ" ಎಂದು ಬಂದುಬಿಟ್ಟಿತು. ನಮ್ಮದು! ಅಪ್ಪ ಬೆಸುಗೆ ಹಾಕುತ್ತಿದ್ದ ಕಡ್ಡಿಯನ್ನು ಹಾಗೇ ಗಾಳಿಯಲ್ಲಿ ಹಿಡಿದು ನನ್ನ ಮುಖ ನೋಡಿದರು, ನಿಮ್ಮ ಮುಖ ನೋಡಿದರು. ಅದು ನಮ್ಮಿಬ್ಬರ ನಡುವಿನ ಮೊದಲ ಮಾತು. ಆಮೇಲಿನದು ಮದುವೆಯ ಫೋಟೋದಲ್ಲಿದೆ.

ಅವತ್ತಿನ ಮೇಲೆ ಕಂದೀಲು ಎಷ್ಟು ಬಂದವು ನೋಡಿ. ನಾಲ್ಕನೆಯದನ್ನು ಒಟ್ಟಿಗೆ ಶುರುಮಾಡಿ ಎರಡು ಊರಿನ ದೀಪ ಹಚ್ಚುವಷ್ಟರಲ್ಲಿ ಹಡಗಿನ ಕರೆ ಬಂತು, ಜೊತೆಗೆ ಒಯ್ದಿರಿ. ಯಾವುದೋ ಬಂದರಿನಿಂದ ಫೋನು ಮಾಡಿ "ಕೊನೆಗೆ ಎಲ್ರೂ ಉಳೀತಾರೆ" ಎಂದಿರಿ. ಮುಗಿಯಿತು, ನನ್ನ ಪಾಲಿನ ಕ್ಲೈಮ್ಯಾಕ್ಸು ಅಷ್ಟೇ. ಐದನೆಯದು ಪಟಾಕಿ ಹುಟ್ಟುವ ಮುಂಚೆ, ಅದೂ ಹಡಗಿನಲ್ಲೇ. ಆರು ಬರೀ ಬೂಸಾ, ಅದರ ಬಗ್ಗೆ ಮಾತು ಬೇಡ. ಏಳು ಒಳ್ಳೆಯದು ಎಂದು ನೀವೇ ಹೇಳಿದ್ದು, ನಾನು ನೋಡಿದ್ದು ಅದರ ಡಬ್ಬಿಯನ್ನು ಮಾತ್ರ. ಎಂಟನೆಯದರ ಕೊನೆಯನ್ನು ನೀವು ಹೇಳುತ್ತಿರುವಾಗ ಲೈನು ಹೋಯಿತು, ಆಮೇಲೆ ಕೇಳುವುದು ನನಗೆ ಮರೆತುಹೋಯಿತು, ಹೇಳುವುದು ನಿಮಗೆ ಮರೆತುಹೋಯಿತು. ನಾನು ದೂರುತ್ತಿಲ್ಲ. ಹಡಗಿನ ಸಂಬಳ ಈ ಕಪಾಟಿಗೆ ಗಾಜು ಹಾಕಿಸಿತು, ಅಪ್ಪನ ಕಣ್ಣಿನ ಆಪರೇಶನ್ ಮಾಡಿಸಿತು, ಎಲ್ಲ ನೆನಪಿದೆ. ಆದರೆ ಒಂದು ಮಾತು ನಿಜ, ಆ ಕೊನೆಯ ಬಾಗಿಲಿನ ಆಚೆ ಏನಿದೆ ಎಂದು ನಾವಿಬ್ಬರೂ ಒಟ್ಟಿಗೆ ಕೂತು ಒಂದು ಸಲವೂ ನೋಡಿಲ್ಲ. ನನಗೆ ಅದು ಈ ನಡುವೆ ಆಗಾಗ ನೆನಪಾಗುತ್ತದೆ, ಗಾಜಿನ ಹಾಳೆ ಅಂಟಿಸುತ್ತಿರುವಾಗ, ಸುಮ್ಮನೆ.

ಹೇಸರಗತ್ತೆಯ ವಿಷಯ ಹೇಳುವುದನ್ನೇ ಬಿಟ್ಟೆ. ಒಂಬತ್ತರಲ್ಲಿ ಕತ್ತೆ ಇಲ್ಲ! ಇಡೀ ಸಂಸಾರವನ್ನು ಒಂದು ಚೀಲದಲ್ಲಿ ತುಂಬಿಕೊಂಡು ಓಡಾಡುತ್ತಾರೆ, ಭಾರವೇ ಇಲ್ಲ. ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು ಎಂದು ತಲೆಕೆಡಿಸಿಕೊಳ್ಳುವ ಸುಖವೇ ಹೋಯಿತು. ಅರ್ಧ ಆಟ ಮುಗಿಯುವವರೆಗೆ ನಾನು ಇದಕ್ಕೇ ಮೂಗು ಮುರಿಯುತ್ತಿದ್ದೆ. ಹೋದ ಭಾನುವಾರ ಬಾಣ ತೆಗೆದುಹಾಕಿ ಅಡ್ಡಾಡುತ್ತಿರುವಾಗ, ಯಾವ ಕೆಲಸಕ್ಕೂ ಬಾರದ ಒಂದು ಹಳ್ಳಿಯ ಲಾಯಕ್ಕೆ ಹೋದೆ. ಮೂಲೆಯಲ್ಲಿ ಒಂದು ಮುದಿ ಹೇಸರಗತ್ತೆ. ಮೂತಿಯ ಮೇಲೆ ಬಿಳಿ ಕೂದಲು, ಕತ್ತಿನಲ್ಲಿ ಗಂಟೆ. ಅದನ್ನು ಕೊಳ್ಳುವಂತಿಲ್ಲ, ಹೊರಿಸುವಂತಿಲ್ಲ. ಹತ್ತಿರ ಹೋದರೆ ಒಂದೇ ಒಂದು ಮಾತು ಬರುತ್ತದೆ, "ಸವರಲೇ?" ಎಂದು. ಸವರಿದೆ. ಗಂಟೆ ಕಿಣಿಕಿಣಿ ಎಂದಿತು. ನಾನು ಎಷ್ಟು ಹೊತ್ತು ಸವರಿದೆನೋ ಏನೋ, ಪಟಾಕಿ ಬಂದು "ಅಮ್ಮಾ, ಯಾಕೆ ಅಳ್ತಿದೀಯ" ಎಂದು ನನ್ನ ಗಲ್ಲ ಒರೆಸಿದಳು. ಇದನ್ನು ಮಾಡಿದವರಲ್ಲಿ ಯಾರೋ ನಮ್ಮ ಹಾಗೆಯೇ ಬಾಡಿಗೆಯ ಕ್ಯಾಸೆಟ್ಟಿನಲ್ಲಿ ಬೆಳೆದವರು ಇದ್ದಾರೆ, ನನಗೆ ಅನುಮಾನವೇ ಇಲ್ಲ. ಅವತ್ತಿನಿಂದ ನನ್ನ ದೂರುಗಳೆಲ್ಲ ಸ್ವಲ್ಪ ಮೆತ್ತಗಾದವು.

ಇನ್ನೊಂದು ಹೊಸತನವಿದೆ, ನಿಮ್ಮ ಒಂದು ಪುಟದ ಪ್ರಶ್ನೆಗಳಲ್ಲಿ ಇದು ಇರಲಿಲ್ಲ. ಈ ಸಲ ಇಬ್ಬರು ಒಟ್ಟಿಗೆ ಆಡಬಹುದು. ಎರಡನೆಯ ರಿಮೋಟು ಜೋಡಿಸಿದರೆ ಒಬ್ಬರು ಕತ್ತಿಯವನು, ಇನ್ನೊಬ್ಬರು ಮದ್ದಿನವಳು. ಪಕ್ಕಪಕ್ಕ ನಡೆದುಕೊಂಡು ಹೋಗಬಹುದು. ಪಟಾಕಿ ಕುಣಿದಾಡಿಬಿಟ್ಟಳು, ಡ್ರಾಯರಿನಿಂದ ಎರಡನೆಯ ರಿಮೋಟು ತಂದಳು. ನೀವು ಹೋಗುವಾಗ ಕರವಸ್ತ್ರದಲ್ಲಿ ಸುತ್ತಿಟ್ಟಿದ್ದಿರಲ್ಲ, ಅದು. ನಾನು ಕೊಡಲಿಲ್ಲ. "ಅದು ನಿಮ್ಮಪ್ಪಂದು, ಇಡು" ಎಂದೆ. ಮುಖ ಊದಿಸಿಕೊಂಡು ಒಂದು ಗಂಟೆ ಮಾತು ಬಿಟ್ಟಳು, ಅದು ಅವಳ ಜನ್ಮದ ದಾಖಲೆ ಇರಬೇಕು. ಆಮೇಲೆ ನಾನೇ ತೆಗೆದು ಒಂದು ಸಲ ಜೋಡಿಸಿ ನೋಡಿದೆ. ಎಡಗಡೆಯ ಗುಂಡಿ ಒತ್ತಿದರೆ ಕೆಳಗೇ ಅಂಟಿಕೊಳ್ಳುತ್ತದೆ, ಮೇಲೆ ಬರುವುದಿಲ್ಲ. ಕತ್ತಿಯವನು ಎಡಕ್ಕೇ ನಡೆದು ನಡೆದು ಗೋಡೆಗೆ ಡಿಕ್ಕಿ ಹೊಡೆಯುತ್ತಾ ನಿಂತ. ಅಪ್ಪನಿಗೆ ತೋರಿಸಿದೆ, ಅವರು ಕನ್ನಡಕ ಏರಿಸಿ ನೋಡಿ "ನನ್ನ ಕೈ ನಡುಗತ್ತೆ, ಅವನೇ ಬಂದು ಮಾಡ್ಲಿ" ಎಂದರು.

ಇವತ್ತು ಊಟವಾದ ಮೇಲೆ ಗೋಪುರ ಹತ್ತಿದೆ. ಕೊನೆಯ ಬಾಗಿಲ ಮುಂದೆ ನಿಂತಿದ್ದೇನೆ. ಬಾಗಿಲು ಈಗ ಬಹಳ ದೊಡ್ಡದು, ಕೆತ್ತನೆಯೇನು, ಹೊಳಪೇನು, ಆದರೆ ಪಕ್ಕದಲ್ಲಿ ನೇತುಹಾಕಿದ ಆರಿದ ಕಂದೀಲು ಮಾತ್ರ ಹಿಂದಿನದೇ, ಅದೇ ಸೊಟ್ಟ ಹಿಡಿ. ಪಟಾಕಿ "ತೆಗಿಯಮ್ಮಾ, ತೆಗೀ" ಎಂದು ಹೆಗಲು ಅಲ್ಲಾಡಿಸಿದಳು. ನಾನು ಕೆಳಗಿಳಿದು ಸತ್ರದಲ್ಲಿ ಮಲಗಿಸಿ ಮಷೀನು ಆರಿಸಿ ಈ ಕಾಗದ ಬರೆಯಲು ಕೂತೆ. ಒಟ್ಟಾರೆ ಹೇಗಿದೆ ಎಂದರೆ: ಮೂರನೆಯದಕ್ಕೆ ಸಮ ಅಲ್ಲ, ಆಗುವುದೂ ಇಲ್ಲ, ಅದಕ್ಕೆ ಆಟ ಕಾರಣವಲ್ಲ, ನಮ್ಮ ವಯಸ್ಸು ಕಾರಣ. ಮಿಕ್ಕ ಎಲ್ಲಕ್ಕಿಂತ ಮೇಲು. ಬಾಣ ತೆಗೆದುಹಾಕಿ, ಹಳೆಯ ಪದ್ಧತಿ ಹಾಕಿಕೊಂಡು, ಮದ್ದಿನವಳ ನಿಟ್ಟುಸಿರಿಗೆ ದನಿ ಕಡಿಮೆ ಮಾಡಿಕೊಂಡು ಆಡಿದರೆ, ಚೆನ್ನಾಗಿದೆ ರೀ. ನಿಜವಾಗಿಯೂ ಬಹಳ ಚೆನ್ನಾಗಿದೆ.

ಅಪ್ಪ ಆಶೀರ್ವಾದ ತಿಳಿಸು ಎಂದಿದ್ದಾರೆ, ಸೊಂಟಕ್ಕೆ ಬಿಸಿನೀರಿನ ಶಾಖ ಕೊಡಬೇಕಂತೆ. ಪಟಾಕಿ ಮುತ್ತು ಕಳಿಸಿದ್ದಾಳೆ, ಜೊತೆಗೆ ನನ್ನ ಮೇಲೆ ಚಾಡಿಯನ್ನೂ ಕಳಿಸಬೇಕಂತೆ, ಅದನ್ನು ಬರೆಯುವುದಿಲ್ಲ. ಹಡಗಿನ ಅಡುಗೆಯವರಿಗೆ, ನಿಮ್ಮ ಜೊತೆಯ ಹುಡುಗರಿಗೆ ನನ್ನ ನಮಸ್ಕಾರಗಳು. ಹೊತ್ತಿಗೆ ಸರಿಯಾಗಿ ಉಣ್ಣಿ. ಕಿವಿಯ ಮುಚ್ಚಳ ಮರೆಯಬೇಡಿ.

ನಿಮ್ಮ ದಾರಿ ಕಾಯುವ,
ಮದ್ದಿನವಳು

ತಾ.ಕ.: ಪಾರ್ಸೆಲ್ಲಿನವನು ಬಾಗಿಲಲ್ಲೇ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಆ ಒಂದು ಸಾಲಿಗೆ ಉತ್ತರ: ಸಹಿ ಹಾಕಬೇಡಿ. ಫೋನಿನಲ್ಲಿ ನಾನು "ನಿಮ್ಮಿಷ್ಟ" ಅಂದೆ, ನೀವು "ನಿನ್ನಿಷ್ಟ" ಅಂದಿರಿ. ಅವತ್ತೂ ನಾವು ಹೀಗೇ ಉಪಚಾರ ಮಾಡುತ್ತಾ ಬ್ಯಾಟರಿ ಸಾಯಿಸಿದೆವು. ಈ ಸಲ ನಾನು ಬಾಯಿಬಿಟ್ಟೇ ಹೇಳುತ್ತಿದ್ದೇನೆ, ನನಗೆ ನೀವು ಮನೆಯಲ್ಲಿ ಬೇಕು. ವರ್ಕ್‌ಶಾಪಿನ ಸಂಬಳದಲ್ಲಿ ಬದುಕೋಣ. ಪಾರ್ಸೆಲ್ಲಿನಲ್ಲಿ ಡಿಸ್ಕು ಹುಡುಕಬೇಡಿ, ಆಟ ಚೆನ್ನಾಗಿದೆ, ಅದಕ್ಕೇ ಕಳಿಸುತ್ತಿಲ್ಲ. ಕರವಸ್ತ್ರದಲ್ಲಿ ಸುತ್ತಿರುವುದು ನಿಮ್ಮ ರಿಮೋಟು. ಎಡಗಡೆಯ ಗುಂಡಿ ಸರಿಮಾಡಿ. ಅಂಚೆಯಲ್ಲಿ ಕಳಿಸಬೇಡಿ, ಕೈಯಲ್ಲೇ ಹಿಡಿದುಕೊಂಡು ಬನ್ನಿ.